ಗುಡ್ಡ ಜಾರಿದರೆ ಯಾವ ಬಟನ್ ಒತ್ತಬೇಕು?

ಲಾರಿ ದಿನಕ್ಕೆ 200 ಕಿಲೋಮೀಟರ್ ಓಡುತ್ತದೆ. ಇದು ನಮ್ಮ ಸರ್ಕಾರಕ್ಕೆ ಪಕ್ಕಾ ಗೊತ್ತು. ಮೊದಲು 100 ಅಂತಿತ್ತು, 2021ರ ಜನವರಿ 1ರಿಂದ 200 ಮಾಡಿದರು, ಜಿಎಸ್‌ಟಿಯಲ್ಲಿ ಮಾಲು ಸಾಗಿಸಲು ಪೋರ್ಟಲ್ಲಿನಲ್ಲಿ ತೆಗೆಯಬೇಕಾದ ಇ-ವೇ ಬಿಲ್ಲಿಗೆ ಅಷ್ಟು ದೂರಕ್ಕೆ ಒಂದು ದಿನದ ಆಯಸ್ಸು. ಅಂದರೆ ಅವತ್ತು ರಾತ್ರಿಯೇ ನಮ್ಮ ಉತ್ತರ ಕನ್ನಡದಲ್ಲಿ ಶಿರಸಿಯಿಂದ ಕರಾವಳಿಗೆ ಇಳಿಯುವ ದೇವಿಮನೆ ಘಟ್ಟದ ತಿರುವೆಲ್ಲ ನೆಟ್ಟಗಾಗಿರಬೇಕು. ನಾವೇ ಸರಿಯಾಗಿ ನೋಡಿಲ್ಲ.

ಮಳೆಗಾಲದ ಒಂದು ಸಂಜೆ ಶಿರಸಿಯಲ್ಲಿ ಗೋವಾದ ಮಡಗಾಂವ್ ಪಾರ್ಟಿಗೆ ಚಾಲಿ ಅಡಿಕೆ ಲೋಡ್ ಆಯಿತು ಅಂತಿಟ್ಟುಕೊಳ್ಳಿ. ಹಮಾಲರು ಮೂಟೆ ಏರಿಸಿದರು, ಕ್ಲೀನರ್ ತಾಡಪಾಲು ಹೊದೆಸಿ ಹಗ್ಗ ಬಿಗಿದ. ಮಾಲು 50 ಸಾವಿರ ದಾಟಿದ್ದರಿಂದ ಬಿಲ್ಲು ಬೇಕೇ ಬೇಕು. ಹೇಗೆ ಕಳಿಸುತ್ತೀರಿ ಅಂತ ಪೋರ್ಟಲ್ ಕೇಳುತ್ತದೆ: ರೋಡಾ, ರೈಲಾ, ವಿಮಾನವಾ, ಹಡಗಾ? ರೈಲು ಅಂತ ಒತ್ತೋಣ ಅಂದರೆ ಹುಬ್ಬಳ್ಳಿ-ಅಂಕೋಲಾ ಮಾರ್ಗ ಹೋದ ಶತಮಾನದಲ್ಲೇ ಮಂಜೂರಾಗಿ ಇವತ್ತಿಗೂ ಕಾಡಿನ ಫೈಲಿನೊಳಗೇ ಓಡುತ್ತಿದೆ. ಜುಲೈ ತಿಂಗಳಲ್ಲಿ ನಮ್ಮ ಹೆದ್ದಾರಿ ನೋಡಿದವರು ಹಡಗು ಅಂತ ಒತ್ತಿದರೂ ತಪ್ಪಿಲ್ಲ ಬಿಡಿ. ಬುಕಿಂಗ್ ಆಫೀಸಿನ ಹುಡುಗ ಮರ್ಯಾದೆಯಿಂದ ರೋಡ್ ಅಂತ ಒತ್ತುತ್ತಾನೆ.

ಘಟ್ಟದಲ್ಲಿ ಮಣ್ಣು ಜಾರಿರುತ್ತದೆ, ಲಾರಿ ನಿಂತಿರುತ್ತದೆ, ಡ್ರೈವರ್ ಫೋನಿಗೆ ನೆಟ್‌ವರ್ಕ್ ಇರುವುದಿಲ್ಲ. ಬಿಲ್ಲು ಮಾತ್ರ ನಿಲ್ಲುವುದಿಲ್ಲ, ಅದು ಮಧ್ಯರಾತ್ರಿಗೆ ಸರಿಯಾಗಿ ಸಾಯುತ್ತದೆ. ಉಳಿಸಬೇಕಾದರೆ ಸಾಯುವ ಮುಂಚಿನ 8 ತಾಸು, ಸತ್ತ ಮೇಲಿನ 8 ತಾಸು, ಅಷ್ಟರೊಳಗೆ ಕಾರಣ ಕೊಟ್ಟು ಅವಧಿ ವಿಸ್ತರಿಸಬೇಕು. ಇಲ್ಲದಿದ್ದರೆ ತೆರಿಗೆಯ ಎರಡು ಪಟ್ಟು ದಂಡದ ಮಾತು ಶುರು. ಕಾರಣ ನಾವೇ ಬರೆಯುವ ಹಾಗೂ ಇಲ್ಲ, ಪಟ್ಟಿಯಿಂದ ಆರಿಸಬೇಕು. ಮೊದಲನೆಯದು ನ್ಯಾಚುರಲ್ ಕೆಲಾಮಿಟಿ.

ಇಲ್ಲೇ ಹುಡುಗನಿಗೆ ಫಜೀತಿ. ರಸ್ತೆ ಅಗಲ ಮಾಡುತ್ತೇವೆ ಅಂತ ಗುಡ್ಡವನ್ನು ಗೋಡೆ ಥರ ನೆಟ್ಟಗೆ ಕತ್ತರಿಸಿ, ನೀರು ಹೋಗಲು ಒಂದು ಗಟಾರವನ್ನೂ ಸರಿಯಾಗಿ ಮಾಡದೆ ಬಿಟ್ಟು, ಮಳೆ ಬಂದಾಗ ಅದು ಜಾರಿದರೆ ಅದರಲ್ಲಿ ನ್ಯಾಚುರಲ್ ಯಾವುದು? ಜೆಸಿಬಿಯಾ? 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೀಗೇ ಗುಡ್ಡ ಹೆದ್ದಾರಿಗೆ ಬಂತು. ರಸ್ತೆ ಪಕ್ಕದ ಚಹಾ ಅಂಗಡಿ, ಅದರೊಳಗಿದ್ದ ಮನೆಮಂದಿ ಹೋದರು. ಕೊಚ್ಚಿಹೋದ, ಕಟ್ಟಿಗೆ ತುಂಬಿದ ಲಾರಿ ಗಂಗಾವಳಿ ಹೊಳೆಯಿಂದ ಮೇಲೆ ಬಂದಿದ್ದು ಸೆಪ್ಟೆಂಬರ್ 25ಕ್ಕೆ. ಡ್ರೈವರ್ ಕ್ಯಾಬಿನ್ನಿನಲ್ಲೇ ಇದ್ದರು. ಇದಕ್ಕೆ ಯಾವ ಕಾರಣ ಆರಿಸುತ್ತೀರಿ?

ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆಯೇ ಕುಸಿದು ಗೋವಾ ಕಡೆಯಿಂದ ಬರುತ್ತಿದ್ದ ಲಾರಿ ಹೊಳೆಗೆ ಬಿತ್ತು. ಪುಣ್ಯಕ್ಕೆ ಡ್ರೈವರ್ ಬದುಕಿದರು. ಪೋರ್ಟಲ್ಲಿನ ಭಾಷೆಯಲ್ಲಿ ಅದು ಆಕ್ಸಿಡೆಂಟ್. ಯಾರು ಯಾರಿಗೆ ಗುದ್ದಿದರು ಅಂತ ಕೇಳಬೇಡಿ.

ಟ್ರಾನ್ಸ್‌ಶಿಪ್‌ಮೆಂಟ್ ಅಂತಲೂ ಒಂದಿದೆ. ಘಟ್ಟದಲ್ಲಿ ಭಾರೀ ವಾಹನ ಬಂದ್, ಸಣ್ಣದಕ್ಕೆ ಅಡ್ಡಿಯಿಲ್ಲ ಅಂತ ಆದೇಶ ಬಂದಾಗ ಮಾಲನ್ನು ಮಳೆಯಲ್ಲೇ ಇಳಿಸಿ ಟಾಟಾ 407ಗಳಿಗೆ ಹಂಚಬೇಕು, ಒಂದೊಂದರ ನಂಬರನ್ನೂ ಪೋರ್ಟಲ್ಲಿಗೆ ಏರಿಸಬೇಕು. ಇಲ್ಲವಾದರೆ ಯಲ್ಲಾಪುರಕ್ಕೆ ಸುತ್ತಿ ಅರಬೈಲ್ ಇಳಿಯಬೇಕು. ಅದೂ ಘಟ್ಟವೇ, ಅದಕ್ಕೂ ಜಾರುವ ಅಭ್ಯಾಸ ಇದೆ. ಕೆಳಗಿಳಿದರೆ ಹಟ್ಟಿಕೇರಿ ಟೋಲ್. ಫಾಸ್ಟ್ಯಾಗಿನಿಂದ ದುಡ್ಡು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ, ಇಡೀ ದಾರಿಯಲ್ಲಿ ವೇಗವಾಗಿ ಆಗುವ ಕೆಲಸ ಅದೊಂದೇ.

ಅಂತೂ ಗೋವಾ ಗಡಿಯ ಮಾಜಾಳಿ. 2017ರಲ್ಲಿ ಜಿಎಸ್‌ಟಿ ಬಂದು ತೆರಿಗೆಯ ಚೆಕ್‌ಪೋಸ್ಟ್ ಹೋಯಿತು, ದೇಶವೇ ಒಂದು ಮಾರುಕಟ್ಟೆ ಅಂದರು. ಮರುವರ್ಷವೇ, ಮೀನು ಕೆಡದಂತೆ ಫಾರ್ಮಾಲಿನ್ ರಾಸಾಯನಿಕ ಹಾಕುತ್ತಾರೆ ಅನ್ನುವ ಗಲಾಟೆಯಲ್ಲಿ ಗೋವಾ ಹೊರಗಿನ ಮೀನು ಬೇಡ ಅಂದಾಗ, ಕಾರವಾರದ ಬಂಗಡೆ ಪಕ್ಕದ ಮನೆಯವರಿಗೇ ಪರದೇಶದ ಮಾಲಾಯಿತು. ಇದಕ್ಕೆ ಪಟ್ಟಿಯ ಕೊನೆಯಲ್ಲಿ 'ಇತರೆ' ಅಂತ ಇದೆ. ನಮ್ಮ ಜಿಲ್ಲೆಯವರು ಸೀದಾ ಅಲ್ಲಿಗೇ ಹೋಗುವುದು ಒಳ್ಳೆಯದು.

ಮಾಲು ಇಳಿಸಿ ವಾಪಸ್ ಬರುವಾಗ ಖಾಲಿ ಲಾರಿ, ಬಿಲ್ಲಿನ ಕಾಟವಿಲ್ಲ. ಗಡಿಯಾಚೆ ಗೋವಾದ ಪೊಳೆಂನಲ್ಲಿ ಅಗ್ಗದ ಡೀಸೆಲ್ ಹಾಕಿಸಿಕೊಂಡು ಡ್ರೈವರ್ ಹಾಡು ಗುನುಗುತ್ತ ಗಡಿಗೆ ಬರುತ್ತಾನೆ. ಹೋಗುವಾಗ ಅಷ್ಟು ಮೂಟೆಯನ್ನು ಯಾರೂ ಮುಟ್ಟಿರಲಿಲ್ಲ. ಈಗ ಅಬಕಾರಿಯವರು ಸೀಟು ಎತ್ತುತ್ತಾರೆ, ಟೂಲ್ ಬಾಕ್ಸ್ ತೆಗೆಸುತ್ತಾರೆ, ಮಡಚಿಟ್ಟ ತಾಡಪಾಲನ್ನು ಪೂರ್ತಿ ಬಿಡಿಸಿ ನೋಡುತ್ತಾರೆ. "ಏನಿದೆ ಒಳಗೆ?" "ಏನೂ ಇಲ್ಲ ಸಾರ್." ಅದನ್ನು ನಂಬಿಸುವುದಕ್ಕೇ ಜಾಸ್ತಿ ಹೊತ್ತು ಬೇಕು.