ಮೂರನೇ ಸಿಲಿಂಡರಿನ ಮುನಿಸು

ನಾಲ್ಕು ಸಿಲಿಂಡರಿನ ಕಾರಿನಲ್ಲಿ ಒಂದು ಮುಷ್ಕರ ಹೂಡಿದರೆ ಉಳಿದ ಮೂರು ಕೆಲಸ ಬಿಡುವುದಿಲ್ಲ, ಗೊಣಗಿಕೊಂಡೇ ಮಾಡುತ್ತವೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿನ ಮುಂದೆ ನಿಲ್ಲಿಸಿದಾಗ ನಮ್ಮ ಕಾರು ಎಷ್ಟು ನಡುಗುತ್ತಿತ್ತೆಂದರೆ, ಹಿಂದೆ ಕುಳಿತಿದ್ದ ಅತ್ತೆಯವರು ಕೈ ಅಲುಗಿಸದಿದ್ದರೂ ಬಳೆಗಳು ಕಿಣಿಕಿಣಿ ಎನ್ನುತ್ತಿದ್ದವು.

ನಮ್ಮ ತುಮಕೂರಿನಲ್ಲಿ ಬಾನೆಟ್ ಎತ್ತಿದರೆ ಲಗ್ನಪತ್ರಿಕೆ ಹಂಚಿದಂತೆಯೇ. ಕೈ ತೊಳೆದು ಬಂದವರೆಲ್ಲ ಬಗ್ಗಿ ನೋಡಿದರು. ಪೆಟ್ರೋಲಿಗೆ ನೀರು ಸೇರಿದೆ ಎಂದರು ಒಬ್ಬರು. ಪ್ಲಗ್ ಹೋಗಿದೆ ಎಂದು ಇನ್ನೊಬ್ಬರು ತೀರ್ಪಿತ್ತರು. ನಿಂಬೆಹಣ್ಣು ಕಟ್ಟಿ ಎಷ್ಟು ದಿನವಾಯಿತು ಎಂದು ಮೂರನೆಯವರು ವಿಚಾರಿಸಿದರು. ತೀರ್ಪು ಕೊಡದೆ ಪ್ರಶ್ನೆ ಕೇಳಿದವರು ಅವರೊಬ್ಬರೇ.

ಬಟವಾಡಿಯ ಗ್ಯಾರೇಜಿನಲ್ಲಿ ಸ್ಕ್ಯಾನರ್ ಚುಚ್ಚಿದಾಗ ಪಿ0203 ಎಂಬ ಕೋಡ್ ಬಂತು. ಮೂರನೇ ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ನ ವಿದ್ಯುತ್ ಸರ್ಕ್ಯೂಟಿನಲ್ಲಿ ದೋಷ ಎಂದಷ್ಟೇ ಅದರ ಅರ್ಥ. ಇಂಜೆಕ್ಟರ್ ಸತ್ತಿದೆ ಎಂದು ಯಂತ್ರ ಹೇಳಲಿಲ್ಲ, ಅಲ್ಲಿನವರು ಹೇಳಿದರು. ಹೇಗೂ ಬಿಚ್ಚುತ್ತೇವೆ, ನಾಲ್ಕನ್ನೂ ಬದಲಿಸಿಬಿಡೋಣ ಎಂದರು. ಒಂದನ್ನೇ ಬದಲಿಸಿದರೆ ಉಳಿದವು ಬೇಸರ ಮಾಡಿಕೊಳ್ಳುತ್ತವೆಯೇ ಎಂದು ಕೇಳಿದೆ. ಯಾರೂ ನಗಲಿಲ್ಲ, ಎಸ್ಟಿಮೇಟ್ ಮಾತ್ರ ಕೈಗೆ ಬಂತು.

ಶಿರಾ ಗೇಟಿನ ಎಲೆಕ್ಟ್ರಿಷಿಯನ್ ಬೇರೆ ಜಾತಿಯ ಮನುಷ್ಯ. ಎಂಜಿನ್ ಓಡುತ್ತಿರುವಾಗಲೇ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿದರು. ನನಗೂ ಕೇಳಿಸಿದರು. ಒಂದು, ಎರಡು, ನಾಲ್ಕು ಟಿಕ್ ಟಿಕ್ ಎನ್ನುತ್ತಿದ್ದವು, ಮೂರನೆಯದು ಮೌನವ್ರತ. ಎಂಜಿನ್ ಆರಿಸಿ, ಮೂರನೆಯದರ ತಂತಿಯ ಸಾಕೆಟ್ ಕಿತ್ತು, ಇಂಜೆಕ್ಟರಿನ ಎರಡು ಪಿನ್ನುಗಳಿಗೆ ಮೀಟರ್ ಇಟ್ಟರೆ ರೋಧ 14 ಓಮ್. ಈ ಬಗೆಯ ಇಂಜೆಕ್ಟರಿಗೆ 12ರಿಂದ 16 ಇದ್ದರೆ ಒಳಗಿನ ತಂತಿಸುರುಳಿ ಆರೋಗ್ಯವಾಗಿದೆ ಎಂದರ್ಥ. ಕೀಲಿ ತಿರುಗಿಸಿದಾಗ ಸಾಕೆಟಿನ ಒಂದು ತಂತಿಯಲ್ಲಿ 12 ವೋಲ್ಟೂ ಇತ್ತು. ಇನ್ನೊಂದು ತಂತಿಯನ್ನು ಇಸಿಯು ಎಂಬ ಪುಟ್ಟ ಕಂಪ್ಯೂಟರ್ ಕ್ಷಣಕ್ಷಣಕ್ಕೂ ಅರ್ಥಿಂಗಿಗೆ ಸೇರಿಸಿ ಬಿಡಬೇಕು. ಆಗಲೇ ಇಂಜೆಕ್ಟರ್ ತೆರೆದು ಪೆಟ್ರೋಲ್ ಚಿಮ್ಮುವುದು. ಸಾಕೆಟಿಗೆ ಚಿಕ್ಕ ಬಲ್ಬ್ ಸಿಕ್ಕಿಸಿ ಎಂಜಿನ್ ಚಾಲೂ ಮಾಡಿದರು. ಎರಡನೆಯದರ ಸಾಕೆಟಿನಲ್ಲಿ ಪಕಪಕ ಮಿನುಗಿದ ಬಲ್ಬ್ ಇಲ್ಲಿ ಕಣ್ಣೇ ತೆರೆಯಲಿಲ್ಲ.

ಇಸಿಯುಗೆ ಹೋಗುವ ಆ ತಂತಿಯ ಗುಂಟ ಅವರ ಬೆರಳು ಸಾಗಿ, ಎಂಜಿನ್ನಿನ ಹಿಂಬದಿಯಲ್ಲಿ ಗಕ್ಕನೆ ನಿಂತಿತು. ಅಲ್ಲಿ ಇಲಿರಾಯರ ಬಿಡಾರ! ಸೀಟಿನ ಸ್ಪಂಜು, ಯಾವುದೋ ರಸೀದಿಯ ಚೂರು, ನಮ್ಮದೇ ಶೆಡ್ಡಿನ ಮೂಟೆಯಿಂದ ಹೊತ್ತು ತಂದ ತಿಪಟೂರು ಕೊಬ್ಬರಿಯ ಹೋಳು. ಕೊಬ್ಬರಿಗೆ ಹಲ್ಲು ತಾಗಿದ ಗುರುತೂ ಇರಲಿಲ್ಲ. ತಂತಿ ಮಾತ್ರ ಎರಡು ತುಂಡು.

ಬೆಸುಗೆ ಹಾಕಿ, ಮೇಲೆ ಸ್ಲೀವ್ ಏರಿಸಿ ಬಿಸಿ ಮಾಡಿ, ಕೋಡ್ ಅಳಿಸಿದರು. ಅವರು ಕೇಳಿದ ಕೂಲಿ ಬಟವಾಡಿಯ ಎಸ್ಟಿಮೇಟಿನ ಜಿಎಸ್‌ಟಿಗೂ ಸಮನಾಗಿರಲಿಲ್ಲ.

ಈಗ ಶೆಡ್ಡಿನಲ್ಲಿ ಬೋನು ಇಟ್ಟಿದ್ದೇವೆ. ಒಳಗಿನ ಕೊಬ್ಬರಿಯನ್ನು ಯಾರೂ ಮೂಸಿಲ್ಲ. ಬದಲಿಗೆ ಒಂದು ತುಂಡು ವೈರ್ ಕಟ್ಟಿ ನೋಡಿ ಎಂದು ಮಗಳು ಹೇಳುತ್ತಿದ್ದಾಳೆ.