ಇನ್ನೂ ಬಾರದ ಪುಸ್ತಕಗಳು

ಅಚ್ಚಾಗಿ ಬಂದಿರುವ ಪುಸ್ತಕಗಳನ್ನು ಓದುವುದಕ್ಕೇ ಆಯುಸ್ಸು ಸಾಲದಿರುವಾಗ ಇನ್ನೂ ಬಾರದ ಪುಸ್ತಕಗಳ ಚಿಂತೆ ನಿನಗೇಕೆ ಎಂದು ನನ್ನನ್ನು ಕೇಳುವವರಿದ್ದಾರೆ. ಅದರಲ್ಲೂ ಆ ಪುಸ್ತಕಗಳೆಲ್ಲ ಹದಿನಾಲ್ಕು ಹದಿನೈದರ ಹುಡುಗ ಹುಡುಗಿಯರಿಗೆಂದು ಬರೆದ ಕಾದಂಬರಿಗಳು, ಕಾಯುತ್ತಿರುವವಳು ಮಾತ್ರ ಕನ್ನಡಕವಿಲ್ಲದೆ ಒಂದು ಸಾಲನ್ನೂ ಓದಲಾರದ ವಯಸ್ಸಿನವಳು ಎಂದು ತಿಳಿದಾಗ ಅವರ ಹುಬ್ಬು ಮತ್ತಷ್ಟು ಮೇಲೇರುತ್ತದೆ. ನನ್ನಂಥವರು ಅಪರೂಪವೇನಲ್ಲ ಎನ್ನುವುದಕ್ಕೆ ಆಧಾರವಿದೆ. ಬೌಕರ್ ಎಂಬ ಸಂಸ್ಥೆ 2012ರಲ್ಲಿ ಅಮೆರಿಕದ ಪುಸ್ತಕ ಮಾರುಕಟ್ಟೆಯನ್ನು ಪರಿಶೀಲಿಸಿದಾಗ, ಅಲ್ಲಿ ‘ಯಂಗ್ ಅಡಲ್ಟ್’ ಎಂದು ಕರೆಯುವ ಈ ಕಾದಂಬರಿಗಳನ್ನು ಕೊಳ್ಳುವವರಲ್ಲಿ ಶೇ 55ರಷ್ಟು ಮಂದಿ ಹದಿನೆಂಟು ತುಂಬಿದವರೆಂದು ಕಂಡುಬಂತು. ಮಕ್ಕಳಿಗೆ ಕೊಡಿಸಲು ಕೊಂಡಿರಬೇಕು ಎಂದು ಹಿರಿಯರ ಮಾನ ಉಳಿಸಲು ಹೊರಟವರಿಗೂ ಆ ಲೆಕ್ಕ ಅನುಕೂಲವಾಗಲಿಲ್ಲ; ಅವರಲ್ಲಿ ಹೆಚ್ಚಿನವರು ತಮ್ಮ ಓದಿಗಾಗಿಯೇ ಕೊಂಡಿದ್ದರು.

ಅಮೆರಿಕದಲ್ಲಿ ಹೊಸ ಪುಸ್ತಕಗಳು ಸಾಮಾನ್ಯವಾಗಿ ಮಂಗಳವಾರ ಅಂಗಡಿಗೆ ಬರುತ್ತವೆ, ಬ್ರಿಟನ್ನಿನಲ್ಲಿ ಗುರುವಾರ. ಮಂಗಳವಾರ ಹೊಸದೇನನ್ನೂ ಆರಂಭಿಸಬಾರದೆಂಬ ಮನೆಯಲ್ಲಿ ಬೆಳೆದ ನಾನು ಈಗ ಕ್ಯಾಲೆಂಡರಿನ ಮಂಗಳವಾರಗಳನ್ನೇ ಎಣಿಸುತ್ತಿರುತ್ತೇನೆ. ಆ ದಿನಕ್ಕಿಂತ ತಿಂಗಳುಗಟ್ಟಲೆ ಮೊದಲೇ ಪುಸ್ತಕದ ಹೆಸರು ಪ್ರಕಟವಾಗುತ್ತದೆ. ಆಮೇಲೆ ಒಂದು ದಿನ ಮುಖಪುಟವನ್ನು ತೋರಿಸುತ್ತಾರೆ. ಇನ್ನೊಂದು ದಿನ ಮೊದಲ ಅಧ್ಯಾಯವನ್ನು ರುಚಿಗೆಂದು ಬಿಡುತ್ತಾರೆ. ಇದರ ನಡುವೆ ಮುಂಗಡ ಬುಕಿಂಗ್ ಶುರುವಾಗಿರುತ್ತದೆ. ಮಾವು ಹೂ ಬಿಟ್ಟಾಗಲೇ ತೋಪನ್ನು ಗುತ್ತಿಗೆ ಹಿಡಿಯುವ ವ್ಯಾಪಾರಿಯ ಧೈರ್ಯ ಇದಕ್ಕೂ ಬೇಕು. ಪ್ರಕಾಶಕರಿಗೆ ಇದರಲ್ಲಿ ದೊಡ್ಡ ಲಾಭವಿದೆ. ಮೊದಲೇ ಬುಕ್ ಆದ ಪ್ರತಿಗಳೆಲ್ಲ ಸಾಮಾನ್ಯವಾಗಿ ಬಿಡುಗಡೆಯ ವಾರದ ಮಾರಾಟವಾಗಿ ಒಟ್ಟಿಗೆ ಲೆಕ್ಕಕ್ಕೆ ಸೇರುವುದರಿಂದ, ಪುಸ್ತಕ ಹುಟ್ಟಿದ ವಾರವೇ ಹೆಚ್ಚು ಮಾರಾಟವಾದವುಗಳ ಪಟ್ಟಿಯನ್ನು ಏರಿ ಕುಳಿತುಕೊಳ್ಳಬಹುದು.

ಈ ಹೂವಿನ ವ್ಯಾಪಾರ ಎಲ್ಲಿಯವರೆಗೆ ಹೋಗಬಹುದೆಂಬುದನ್ನು ಅಮೆರಿಕದ ಕಾದಂಬರಿಕಾರ ಜಾನ್ ಗ್ರೀನ್ ತೋರಿಸಿಕೊಟ್ಟರು. ‘ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್’ ಎಂಬ ಹೆಸರನ್ನು 2011ರಲ್ಲಿ ಹೇಳಿದ ಅವರು, ಮೊದಲ ಮುದ್ರಣದ ಪ್ರತಿಯೊಂದು ಪ್ರತಿಗೂ ಸಹಿ ಹಾಕುವುದಾಗಿ ಮಾತುಕೊಟ್ಟರು. ಪುಸ್ತಕ ಇನ್ನೂ ಅಚ್ಚಿಗೆ ಹೋಗುವ ಮೊದಲೇ ಅಮೆಜಾನಿನ ಪಟ್ಟಿಯಲ್ಲಿ ಅದು ಒಂದನೆಯ ಸ್ಥಾನಕ್ಕೇರಿತು, ಮೊದಲ ಮುದ್ರಣ ಒಂದೂವರೆ ಲಕ್ಷ ಪ್ರತಿಗಳಿಗೆ ಹೋಗಿ ನಿಂತಿತು. ಮಾತು ಕೊಟ್ಟ ಮೇಲೆ ತಪ್ಪುವಂತಿಲ್ಲವಲ್ಲ! ಖಾಲಿ ಹಾಳೆಗಳ ರಾಶಿಯನ್ನು ಮುಂದಿಟ್ಟುಕೊಂಡು, ಬಗೆಬಗೆಯ ಬಣ್ಣದ ಮಾರ್ಕರ್ ಪೆನ್ನುಗಳಿಂದ ಅವರು ವಾರಗಟ್ಟಲೆ ಸಹಿ ಹಾಕಿದರು; ಆ ಹಾಳೆಗಳನ್ನು ಆಮೇಲೆ ಪುಸ್ತಕದೊಳಗೆ ಸೇರಿಸಿ ಹೊಲಿದರು. ಒಂದೂವರೆ ಲಕ್ಷ ಸಲ ಬರೆದರೆ ಯಾರ ಸಹಿಯಾದರೂ ಸಹಿಯಾಗಿ ಉಳಿಯುವುದಿಲ್ಲ. ಇಂಗ್ಲಿಷಿನ ‘ಜೆ’ ಅಕ್ಷರದ ಬಾಲಕ್ಕೆ ಅಂಟಿಕೊಂಡ ಒಂದು ಗೀಚು ಅಷ್ಟೇ. ಆದರೆ ತನಗೆ ಹಸಿರು ಬಂತು, ನಿನಗೆ ನೇರಳೆ ಬಂತು ಎಂದು ಓದುಗರು ತಮ್ಮತಮ್ಮಲ್ಲಿ ಹೋಲಿಸಿಕೊಳ್ಳುವುದಕ್ಕೆ ಆ ಗೀಚು ಸಾಕಾಯಿತು. ಪುಸ್ತಕದ ದಿನ 2012ರ ಜನವರಿ 10. ಹಿಂದಿನ ಡಿಸೆಂಬರಿನಲ್ಲೇ ಒಂದಷ್ಟು ಪ್ರತಿಗಳು ಕೈತಪ್ಪಿ ಅಂಚೆಗೆ ಬಿದ್ದು ಕೆಲವರ ಮನೆ ಸೇರಿದವು. ಓದಿದವರು ಕಥೆಯನ್ನು ಹೊರಗೆ ಬಿಡಬಾರದೆಂದು ಲೇಖಕರು ಕೇಳಿಕೊಳ್ಳಬೇಕಾಯಿತು. ಹದಿಹರೆಯದ ಬಾಯಿಗಳಿಗೆ ಬೀಗ ಹಾಕಿಸಲು ಹೊರಟ ಅವರ ವಿಶ್ವಾಸವನ್ನು ಮೆಚ್ಚಲೇಬೇಕು.

ಬೀಗದ ವಿಷಯದಲ್ಲಿ ಹ್ಯಾರಿ ಪಾಟರ್ ಪ್ರಕಾಶಕರಿಗೆ ಅಷ್ಟು ವಿಶ್ವಾಸವಿರಲಿಲ್ಲ. ಏಳನೆಯ ಪುಸ್ತಕದ ಪೆಟ್ಟಿಗೆಗಳನ್ನು 2007ರ ಜುಲೈ 21ಕ್ಕೆ ಮೊದಲು ತೆರೆಯಕೂಡದೆಂದು ಕಟ್ಟಪ್ಪಣೆಯಾಗಿತ್ತು. ಆದರೂ ಪುಟಗಳ ಫೋಟೋಗಳು ಮೊದಲೇ ಇಂಟರ್ನೆಟ್ಟಿಗೆ ಸೋರಿದವು. ಲಂಡನ್ನಿನಲ್ಲಿ ನಡುರಾತ್ರಿ ಕಳೆದು ಒಂದು ನಿಮಿಷವಾದಾಗ ನಮ್ಮಲ್ಲಿ ಬೆಳಗಿನ ಜಾವ 4 ಗಂಟೆ 31 ನಿಮಿಷ. ಪರೀಕ್ಷೆಯ ದಿನವೂ ಆ ಹೊತ್ತಿಗೆ ಏಳದ ಮಕ್ಕಳು ಬೆಂಗಳೂರಿನಲ್ಲಿ ಆ ಶನಿವಾರ ಹೊತ್ತಿಗೆ ಮುಂಚೆ ಎದ್ದು ಪುಸ್ತಕದಂಗಡಿಯ ಮುಂದೆ ಸಾಲುಗಟ್ಟಿದ್ದರು, ಸ್ಕೂಟರಿನ ಮೇಲೆ ಆಕಳಿಸುತ್ತಿದ್ದ ಅಪ್ಪಂದಿರ ಸಮೇತ. ಅಮೆರಿಕದಲ್ಲಿ ಮೊದಲ ಇಪ್ಪತ್ತನಾಲ್ಕು ಗಂಟೆಗಳಲ್ಲೇ 83 ಲಕ್ಷ ಪ್ರತಿಗಳು ಖರ್ಚಾದವು.

ಇಷ್ಟಾದರೂ ಇದು ಬರಿಯ ಮಾರಾಟದ ಜಾಣತನವೆಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ದೊಡ್ಡವರ ಕಾದಂಬರಿಗೆ ಆರು ವರ್ಷ ಕಾದರೆ ನಲವತ್ತೆರಡರ ಓದುಗ ನಲವತ್ತೆಂಟರವನಾಗುತ್ತಾನೆ, ಕೂದಲು ಸ್ವಲ್ಪ ಉದುರುತ್ತದೆ, ಅಭಿಪ್ರಾಯಗಳು ಮಾತ್ರ ಹಾಗೇ ಇರುತ್ತವೆ. ಹದಿಮೂರರ ಹುಡುಗಿ ಆರು ವರ್ಷ ಕಾದರೆ, ಪುಸ್ತಕ ಬರುವ ದಿನ ಅದನ್ನು ಬಯಸಿದ್ದ ಹುಡುಗಿಯೇ ಅಲ್ಲಿರುವುದಿಲ್ಲ. ಹಾಸ್ಟೆಲಿನಲ್ಲಿ ಬೇರೆ ಹಾಡು ಕೇಳುತ್ತ, ಬೇರೆ ಸ್ನೇಹಿತೆಯರೊಂದಿಗೆ ಮುನಿಸಿಕೊಂಡು ಕೂತ ಇನ್ನೊಬ್ಬಳಿರುತ್ತಾಳೆ. ಈ ವಯಸ್ಸಿನವರಿಗಾಗಿ ಬರೆಯುವವರು ತಮ್ಮ ಓದುಗರ ಬೆಳವಣಿಗೆಯೊಂದಿಗೆ ಓಡಬೇಕು, ಮತ್ತು ಆ ಓಟದಲ್ಲಿ ಗೆಲ್ಲುವವರು ಕಡಿಮೆ.

ಫಿಲಿಪ್ ಪುಲ್‌ಮನ್ ಓಡಲೇ ಇಲ್ಲ. ಲೈರಾ ಎಂಬ ತುಂಟ ಹುಡುಗಿ ಅವರ ಕಾದಂಬರಿಯಲ್ಲಿ ಮೊದಲು ಕಾಣಿಸಿಕೊಂಡದ್ದು 1995ರಲ್ಲಿ. ಆ ಮೂರು ಪುಸ್ತಕಗಳ ಮಾಲೆ 2000ದಲ್ಲಿ ಮುಗಿಯಿತು. ಹೊಸ ಮಾಲೆಯ ಮೊದಲ ಪುಸ್ತಕಕ್ಕೆ ಓದುಗರು 2017ರವರೆಗೆ ಕಾದರು. ಬಂದು ನೋಡಿದರೆ ಅದರಲ್ಲಿ ಲೈರಾ ಎತ್ತಿಕೊಳ್ಳುವ ಕೂಸು! 2019ರ ಪುಸ್ತಕದಲ್ಲಿ ಅವಳಿಗೆ ಇಪ್ಪತ್ತು ವರ್ಷ. ಅದರ ಕೊನೆಯಲ್ಲಿ ಅವಳನ್ನು ದೂರದೇಶದ ದಾರಿಯ ನಡುವೆ ನಿಲ್ಲಿಸಿ ಹೋದ ಪುಲ್‌ಮನ್, ಮುಂದಿನ ಕಥೆಯನ್ನು ತಂದುಕೊಟ್ಟದ್ದು 2025ರ ಅಕ್ಟೋಬರಿನಲ್ಲಿ. 1995ರಲ್ಲಿ ಲೈರಾಳ ಓರಗೆಯವರಾಗಿದ್ದವರು ಅಷ್ಟರಲ್ಲಿ ನಲವತ್ತು ದಾಟಿ, ತಮ್ಮ ಮಕ್ಕಳಿಗೆ ಅದೇ ಮೊದಲ ಪುಸ್ತಕವನ್ನು ಕೊಡಿಸುವವರಾಗಿದ್ದರು. ಇದನ್ನು ತಡವೆಂದು ದೂರಲು ನನಗೆ ಬಾಯಿ ಬರುವುದಿಲ್ಲ. ನಡುವೆ ಕಳೆದ ಆರು ವರ್ಷಗಳಲ್ಲಿ ನನ್ನ ತಲೆಯೊಳಗೆ ಲೈರಾ ಹತ್ತಾರು ದಾರಿಗಳನ್ನು ಹಿಡಿದಿದ್ದಳು. ಪುಸ್ತಕ ಕೈಗೆ ಬಂದಾಗ ಅವುಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನೆಲ್ಲ ಮುಚ್ಚಬೇಕಾಯಿತು ಎಂಬ ಸಣ್ಣ ಬೇಸರ ಮಾತ್ರ ನಿಜ.

‘ಟ್ವಿಲೈಟ್’ ಮಾಲೆಯ ಸ್ಟೆಫೆನಿ ಮೇಯರ್ ಅವರ ‘ಮಿಡ್‌ನೈಟ್ ಸನ್’ ಇನ್ನೊಂದು ಬಗೆಯದು. ಅರೆಬರೆ ಹಸ್ತಪ್ರತಿ 2008ರಲ್ಲಿ ಸೋರಿಹೋದದ್ದರಿಂದ ಬೇಸತ್ತ ಅವರು ಅದನ್ನು ಅರ್ಧಕ್ಕೇ ನಿಲ್ಲಿಸಿದರು. ಪುಸ್ತಕ ಬಂದದ್ದು 2020ರ ಆಗಸ್ಟಿನಲ್ಲಿ. ಸೋರಿಸಿದವರಿಗೆ ಶಾಪ ಹಾಕುತ್ತ ಹನ್ನೆರಡು ವರ್ಷ ಕಳೆದವರ ಕಷ್ಟವನ್ನು ನಾನು ಬಲ್ಲೆ, ಆ ಕಥೆ ನನಗೆ ಅಷ್ಟು ಹಿಡಿಸದಿದ್ದರೂ.

ಕನ್ನಡದಲ್ಲಿ ನಾವು ಕಾಯುತ್ತಿದ್ದದ್ದು ವಾರಪತ್ರಿಕೆಯ ಧಾರಾವಾಹಿಗೆ. ‘ಮುಂದಿನ ವಾರಕ್ಕೆ’ ಎಂಬ ಸಾಲು ಕಂಡೊಡನೆ ಮನೆಯಲ್ಲಿ ಅಕ್ಕ, ಅಮ್ಮ, ಪಕ್ಕದ ಮನೆಯ ಆಂಟಿ ಎಲ್ಲರೂ ಸೇರಿ ನಾಯಕಿಯ ಮದುವೆಯನ್ನು ತಾವೇ ನಿಶ್ಚಯಿಸಿಬಿಡುತ್ತಿದ್ದರು. ಹದಿಹರೆಯದವರಿಗೆಂದೇ ಬರೆದದ್ದು ಕಡಿಮೆ. ಮಕ್ಕಳ ಕಥೆಯ ಕಪಾಟಿನಿಂದ ನಾವು ನೇರವಾಗಿ ದೊಡ್ಡವರ ಕಪಾಟಿಗೆ ಹಾರುತ್ತಿದ್ದೆವು, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಅಂಥ ಎಷ್ಟೋ ಮಂದಿಗೆ ಹಾರಲು ಸಿಕ್ಕಿದ ಮೊದಲ ಮೆಟ್ಟಿಲು. ಈಗಲೂ ನಮ್ಮ ಹೊಸ ಕಾದಂಬರಿಯ ಸುದ್ದಿ ಎಷ್ಟೋ ಸಲ ಆಮಂತ್ರಣ ಪತ್ರಿಕೆಯೊಂದಿಗೇ ತಿಳಿಯುತ್ತದೆ; ಭಾನುವಾರ ಬೆಳಿಗ್ಗೆ ವೇದಿಕೆಯ ಮೇಲೆ ಅತಿಥಿಗಳು ಬಣ್ಣದ ಕಾಗದ ಬಿಚ್ಚಿ ಪುಸ್ತಕವನ್ನು ಎದೆಯೆತ್ತರಕ್ಕೆ ಹಿಡಿದು ಫೋಟೋಗೆ ನಿಲ್ಲುತ್ತಾರೆ, ಸಭಿಕರು ಉಪ್ಪಿಟ್ಟು ತಿಂದು ರಿಯಾಯಿತಿ ದರದಲ್ಲಿ ಕೊಳ್ಳುತ್ತಾರೆ. ಕಾಯುವುದಕ್ಕೆ ಸಮಯವನ್ನೇ ಕೊಡುವುದಿಲ್ಲ. ನಮ್ಮ ಪ್ರಕಾಶಕರು ಮುಖಪುಟವನ್ನಾದರೂ ಎರಡು ತಿಂಗಳು ಮೊದಲು ತೋರಿಸಿ ಮಕ್ಕಳನ್ನು ಸತಾಯಿಸಬಾರದೇ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ನನ್ನ ಕಾಯುವಿಕೆಗೆ ಜೊತೆಯಾಗಿರುವವಳು ಮೈಸೂರಿನಲ್ಲಿ ಪಿಯುಸಿ ಓದುತ್ತಿರುವ ಅಣ್ಣನ ಮಗಳು. ರಸಾಯನಶಾಸ್ತ್ರದ ನೋಟ್‌ಬುಕ್ಕಿನ ಹಿಂಬದಿಯಿಂದ ಅವಳು ಬರಲಿರುವ ಕಾದಂಬರಿಗಳ ಪಟ್ಟಿ ಬರೆಯುತ್ತ ಬಂದಿದ್ದಾಳೆ. ಮುಂದೂಡಿದ ದಿನಾಂಕಗಳನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಪಕ್ಕದಲ್ಲಿ ಹೊಸದನ್ನು ಬರೆದು, ಅದರ ಮುಂದೆ ಲೇಖಕರಿಗೊಂದು ಬೈಗುಳವನ್ನೂ ಸೇರಿಸಿರುತ್ತಾಳೆ. ಮುಂಭಾಗದ ಸಮೀಕರಣಗಳು ಇನ್ನೂ ಅರ್ಧಕ್ಕೆ ಬಂದಿಲ್ಲ, ಹಿಂಬದಿಯ ಪಟ್ಟಿ ಅವುಗಳನ್ನು ಎದುರುಗೊಳ್ಳುವಷ್ಟು ಬೆಳೆದಿದೆ. “ಅತ್ತೆ, ನೀವು ಬೇಗ ಓದಿಬಿಡ್ತೀರಿ, ಆಮೇಲೆ ನಿಮ್ಮ ಮುಖ ನೋಡಿದ್ರೇನೇ ಯಾರು ಸಾಯ್ತಾರೆ ಅಂತ ಗೊತ್ತಾಗತ್ತೆ,” ಎಂಬುದು ಅವಳ ಆಕ್ಷೇಪಣೆ. ಆದ್ದರಿಂದ ಮುಂದಿನ ಪುಸ್ತಕದ ವಿಷಯದಲ್ಲಿ ಒಪ್ಪಂದವಾಗಿದೆ: ಪ್ರತಿ ಮೊದಲು ಮೈಸೂರಿಗೆ ಹೋಗತಕ್ಕದ್ದು, ಅವಳು ಮುಗಿಸಿದ ಮೇಲೆ ಬೆಂಗಳೂರಿಗೆ ಬರತಕ್ಕದ್ದು, ಅಲ್ಲಿಯವರೆಗೆ ನಾನು ವಿಡಿಯೋ ಕಾಲ್ ಮಾಡಕೂಡದು. ಅವಳಿಗೆ ಗೊತ್ತಿಲ್ಲದಂತೆ ನನ್ನ ಹೆಸರಿನಲ್ಲೂ ಒಂದು ಪ್ರತಿ ಬುಕ್ ಆಗಿದೆ.