ಎಲ್ಲ ರಕ್ಷಣಾ ದೋಣಿಗಳೂ ಜಾರಿ ಇಳಿಯುವುದಿಲ್ಲ
ಕಡಲಿನಲ್ಲಿ ಅಪಾಯಕ್ಕೆ ಸಿಲುಕಿದವರನ್ನು ಕಾಪಾಡುವ, ಬ್ರಿಟನ್ನಿನ ಆರ್‌ಎನ್‌ಎಲ್‌ಐ ಸಂಸ್ಥೆಯ ರಕ್ಷಣಾ ದೋಣಿಗಳೆಲ್ಲ ಇಳಿಜಾರು ಕಟ್ಟೆಯಿಂದ ಜಾರಿ ಕಡಲಿಗಿಳಿಯುತ್ತವೆ ಎಂದು ಲೇಖನವೊಂದು ಹೇಳುತ್ತದೆ. ಇದಕ್ಕೆ ತಿದ್ದುಪಡಿ ಅಗತ್ಯ. ಸುಮಾರು 17 ಮೀಟರ್ ಉದ್ದದ ಸೆವರ್ನ್ ವರ್ಗದ ದೋಣಿಗಳನ್ನು ನೀರಿನಲ್ಲೇ ನಿಲ್ಲಿಸಿರುತ್ತಾರೆ. ಉಬ್ಬರ ಇಳಿತಗಳೊಂದಿಗೆ ತಾನೂ ಏರಿಳಿಯುವ ತೇಲುವ ಜೆಟ್ಟಿಗೆ ಅವನ್ನು ಕಟ್ಟಿದಲ್ಲಿ, ಕರೆ ಬಂದೊಡನೆ ಓಡಿಬರುವ ಸ್ವಯಂಸೇವಕರು ಯಾವ ಹೊತ್ತಿನಲ್ಲೂ ನೇರವಾಗಿ ದೋಣಿ ಹತ್ತಿ, ಎಂಜಿನ್ ಚಾಲೂ ಮಾಡಿ, ಹಗ್ಗ ಬಿಚ್ಚಿ ಹೊರಡಬಹುದು. ದೋಣಿಯನ್ನು ಹಾಗೆ ನೀರಿನಲ್ಲಿ ನಿಲ್ಲಿಸಲು ಆಶ್ರಯವಿಲ್ಲದ ತೀರಗಳಲ್ಲಿ ಇಳಿಜಾರು ಕಟ್ಟೆ ಉಪಯುಕ್ತ: ಟಾಮರ್ ವರ್ಗದ ದೋಣಿ, ಹಿಡಿದಿಟ್ಟ ಕೊಂಡಿ ಕಳಚಿದೊಡನೆ, ತನ್ನ ತೂಕದಿಂದಲೇ ಜಾರಿ ನೀರು ಸೇರುತ್ತದೆ. ನನ್ನ ದೃಷ್ಟಿಯಲ್ಲಿ ಹೆಚ್ಚು ಕಷ್ಟದ ಕೆಲಸ ಮರಳಿ ಬಂದಾಗಿನದು; ಅಲೆಗಳ ನಡುವೆ ದೋಣಿಯ ಹಿಂಭಾಗವನ್ನು ಕಟ್ಟೆಯ ನೇರಕ್ಕೆ ತಂದು, ಹಗ್ಗ ಸುತ್ತಿ ಎಳೆಯುವ ಯಂತ್ರವಾದ ವಿಂಚ್‌ನಿಂದ ಮೇಲೆಳೆಯಬೇಕು, ಕಡಲು ತೀರಾ ಪ್ರಕ್ಷುಬ್ಧವಾಗಿದ್ದರೆ ಸಮೀಪದ ಬಂದರಿನಲ್ಲಿ ಕಾಯಬೇಕಾಗುತ್ತದೆ.